ಮತಪತ್ರದ ಅಜ್ಜ, ಮಷೀನಿನ ಅಪ್ಪ, ಆ್ಯಪಿನ ಮೊಮ್ಮಗಳು: ಯಾರಿಗೆ ಯಾವುದರ ಮೇಲೆ ಅನುಮಾನ?

ಹಳೇಪೆಟ್ಟಿಗೆ (ಚರ್ಚೆ ಶುರು ಮಾಡಿದವರು)

ಸ್ಥಳೀಯ ಸಂಸ್ಥೆಗಳ ಚುನಾವಣೆಗೆ ಮತ್ತೆ ಮತಪತ್ರ ಬಳಸಿ ಎಂದು ರಾಜ್ಯ ಚುನಾವಣಾ ಆಯೋಗಕ್ಕೆ ಶಿಫಾರಸು ಮಾಡಲು ಕರ್ನಾಟಕದ ಸಚಿವ ಸಂಪುಟ 2025ರ ಸೆಪ್ಟೆಂಬರಿನಲ್ಲಿ ತೀರ್ಮಾನಿಸಿತಲ್ಲ, ಆಗಿನಿಂದ ಎಲ್ಲ ಕಡೆ ಒಂದೇ ರಾಗ. ವಯಸ್ಸಾದವರಿಗೆ ಮಷೀನು ಅಂದರೆ ಭಯ, ಅವರಿಗೆ ಕಾಗದ ಬೇಕು; ಹುಡುಗರಿಗೆ ಎಲ್ಲಾ ಡಿಜಿಟಲ್ ಆಗಬೇಕು. ಪಕ್ಷದ ಜಗಳ ಪಕ್ಷದವರು ಮಾಡಿಕೊಳ್ಳಲಿ. ಈ ವಯಸ್ಸಿನ ಲೆಕ್ಕಾಚಾರ ಮಾತ್ರ ತಲೆಕೆಳಗಾಗಿದೆ ಅನ್ನೋದು ನನ್ನ ವಾದ.

ಇಸವಿ ಹಿಡಿದು ನೋಡಿ. 1952 ಮತ್ತು 1957ರಲ್ಲಿ ಅಭ್ಯರ್ಥಿಗೊಂದು ಪೆಟ್ಟಿಗೆ. ಚಿಹ್ನೆ ಇದ್ದದ್ದು ಪೆಟ್ಟಿಗೆಯ ಮೇಲೆ. ಚೀಟಿ ಹಾಕಿ ಬಂದರೆ ಆಯಿತು. ಹಾಕದೆ ಜೇಬಿಗಿಳಿಸಿ ಹೊರಗೆ ತಂದು ಯಾರಿಗಾದರೂ ಕೊಡಲಿಕ್ಕೂ ದಾರಿಯಿತ್ತು. 1962ರ ಹೊತ್ತಿಗೆ ಎಲ್ಲ ಚಿಹ್ನೆಯೂ ಒಂದೇ ಹಾಳೆಯ ಮೇಲೆ ಬಂತು, ಬಾಣದ ಗುರುತಿನ ರಬ್ಬರ್ ಮೊಹರು ಬಂತು. ಈಗ 85 ದಾಟಿದವರು ಬಹುಪಾಲು ಮೊದಲ ಮತ ಒತ್ತಿದ್ದು ಆ ಮೊಹರಿನಿಂದಲೇ, ಏಕೆಂದರೆ ಆಗ ಮತದ ವಯಸ್ಸು 21.

ಆಮೇಲೆ 1989ರ ಮಾರ್ಚ್. ಜನಪ್ರತಿನಿಧಿ ಕಾಯ್ದೆಗೆ 61ಎ ಸೇರಿ ಮತಯಂತ್ರಕ್ಕೆ ಕಾನೂನಿನ ಬಲ ಸಿಕ್ಕಿದ್ದು ಮಾರ್ಚ್ 15ಕ್ಕೆ. ಮತದ ವಯಸ್ಸು 18ಕ್ಕೆ ಇಳಿದದ್ದು ಮಾರ್ಚ್ 28ಕ್ಕೆ. ಹದಿಮೂರು ದಿನದ ಅಂತರ. ಮತಗಟ್ಟೆ ವಶಪಡಿಸಿಕೊಳ್ಳುವುದನ್ನು ಅಪರಾಧ ಮಾಡಿದ 135ಎ ಕಲಮು ಬಂದದ್ದೂ 61ಎ ಜೊತೆಗೇ, ಅದೇ ತಿದ್ದುಪಡಿಯಲ್ಲಿ. ಅಂದರೆ ಮಷೀನು ಈ ದೇಶಕ್ಕೆ ಬಂದದ್ದು ಆಧುನಿಕತೆಯ ಶೋಕಿಗಲ್ಲ, ಬೂತ್ ಲೂಟಿಗೆ ಮದ್ದು ಎಂದು. ಅದನ್ನು ಕಣ್ಣಾರೆ ಕಂಡ ತಲೆಮಾರು ಇಂದು ಐವತ್ತೈದು ದಾಟಿದೆ.

2004ರಲ್ಲಿ ಲೋಕಸಭೆಗೂ ನಮ್ಮ ವಿಧಾನಸಭೆಗೂ ಪೂರ್ತಿ ಮಷೀನು ಬಂತು. 1986ರ ಈಚೆಗೆ ಹುಟ್ಟಿದವರು ಅಂಚೆ ಮತ ಬಿಟ್ಟರೆ ಈ ಎರಡು ಚುನಾವಣೆಗೆ ಕಾಗದ ಮುಟ್ಟಿಯೇ ಇಲ್ಲ. ಕಾಗದ ಶುದ್ಧ, ಮಷೀನು ಮೋಸ ಅನ್ನುವ ಮಾತು ಇವರ ಬಾಯಲ್ಲೇ ಹೆಚ್ಚು ಕೇಳಿಬರುವುದು ಆಶ್ಚರ್ಯವಲ್ಲ. ಯಾರು ಯಾವ ಮೋಸದ ಕಾಲದಲ್ಲಿ ಬೆಳೆದರೋ ಅದಕ್ಕೇ ಹೆದರುತ್ತಾರೆ. ವಿಷಯ ಗೊತ್ತಿರುವವರು ಬಿಡಿಸಿ ಬರೆಯಿರಿ. ಸ್ವಂತ ಅನುಭವದ ಕಥೆ ಬೇಡ, ಕೆಲಸ ಹೇಗೆ ನಡೆಯುತ್ತೆ ಅದನ್ನು ಬರೆಯಿರಿ.

ಸರ್ಕ್ಯೂಟ್_ಸುಬ್ಬು

ಒಪ್ಪಿದೆ. ಹುಡುಗರ ಅನುಮಾನದ ಬೇರು ಎಲ್ಲಿದೆ ಅಂದರೆ, ಅವರ ಮಟ್ಟಿಗೆ "ಯಂತ್ರ" ಅಂದರೆ ಫೋನು. ಫೋನು ನೆಟ್‌ಗೆ ಸೇರಿರುತ್ತೆ, ಅಪ್‌ಡೇಟ್ ಆಗುತ್ತೆ, ಯಾರೋ ಹ್ಯಾಕ್ ಮಾಡ್ತಾರೆ. ಹಾಗಾಗಿ ಮತಯಂತ್ರವೂ ಹಾಗೇ ಇರಬೇಕು ಅನ್ನುವ ಲೆಕ್ಕ. ಅಜ್ಜನ ಮಟ್ಟಿಗೆ ಯಂತ್ರ ಅಂದರೆ ಪಂಪ್‌ಸೆಟ್ಟು, ರೇಡಿಯೋ. ಗುಂಡಿ ಒತ್ತಿದರೆ ಕೆಲಸ ಮಾಡುತ್ತೆ, ಇಲ್ಲಾ ಕೆಡುತ್ತೆ. ಮತಯಂತ್ರ ಎರಡನೇ ಜಾತಿಗೆ ಹತ್ತಿರ.

ಬೆಂಗಳೂರಿನ ಬಿಇಎಲ್ ಮತ್ತು ಹೈದರಾಬಾದಿನ ಇಸಿಐಎಲ್ ಮಾಡುವ ಈಗಿನ ಎಂ3 ಮಾದರಿಯಲ್ಲಿ ಮೂರು ಪೆಟ್ಟಿಗೆ. ಮತದಾರ ಒತ್ತುವ ಬಿಯು (ಬ್ಯಾಲಟ್ ಯೂನಿಟ್), ಅಧಿಕಾರಿಯ ಮೇಜಿನ ಮೇಲಿನ ಸಿಯು (ಕಂಟ್ರೋಲ್ ಯೂನಿಟ್), ನಡುವೆ ಒತ್ತಿದ ಮತದ ಚೀಟಿ ಮುದ್ರಿಸಿ ತೋರಿಸುವ ವಿವಿಪ್ಯಾಟ್. ಬಿಯು ತಂತಿ ವಿವಿಪ್ಯಾಟ್‌ಗೆ, ವಿವಿಪ್ಯಾಟ್ ತಂತಿ ಸಿಯುಗೆ. ವೈಫೈ, ಬ್ಲೂಟೂತ್, ಸಿಮ್ ಯಾವುದೂ ಇಲ್ಲ. ಒಂದು ಬಿಯುನಲ್ಲಿ 16 ಗುಂಡಿ. 24 ಬಿಯು ಜೋಡಿಸಬಹುದು, ಅಂದರೆ ನೋಟಾ ಸೇರಿ 384.

ಹಾಗಾದರೆ ಮೋಸವೇ ಸಾಧ್ಯವಿಲ್ಲವಾ? ಆ ಮಾತು ಯಾವ ಎಂಜಿನಿಯರೂ ಹೇಳಬಾರದು. ಕೇಳಬೇಕಾದ ಪ್ರಶ್ನೆ: ಎಲ್ಲಿ, ಎಷ್ಟು ಜನ ಸೇರಿದರೆ ಸಾಧ್ಯ? ಕಾರ್ಖಾನೆಯಲ್ಲಿ ಚಿಪ್ಪಿಗೆ ಬರೆಯುವವನಿಗೆ ಯಾವ ಕ್ಷೇತ್ರದಲ್ಲಿ ಯಾವ ಗುಂಡಿ ಯಾರದ್ದು ಅಂತ ಗೊತ್ತಾಗುವುದಿಲ್ಲ. ಅಭ್ಯರ್ಥಿಗಳ ಪಟ್ಟಿ ಬರುವುದು ಗುಂಪಿನ ಪ್ರಕಾರ: ಮೊದಲು ಮಾನ್ಯತೆ ಪಡೆದ ಪಕ್ಷದವರು, ಆಮೇಲೆ ಬರೀ ನೋಂದಾಯಿತ ಪಕ್ಷದವರು, ಕೊನೆಗೆ ಪಕ್ಷೇತರರು. ಪ್ರತಿ ಗುಂಪಿನೊಳಗೆ ಹೆಸರಿನ ಅಕ್ಷರಾನುಕ್ರಮ. ಕರ್ನಾಟಕದಲ್ಲಿ ಕನ್ನಡದ ಅ-ಆ-ಇ-ಈ. ಒಂದೇ ಪಕ್ಷ ಒಂದು ಕ್ಷೇತ್ರದಲ್ಲಿ ಒಂದನೇ ಗುಂಡಿ, ಪಕ್ಕದ ಕ್ಷೇತ್ರದಲ್ಲಿ ಮೂರನೆಯದು. ಮೇಲಿಂದ ಎರಡು ಸಲ ಕಂಪ್ಯೂಟರಿನಲ್ಲಿ ಮಷೀನುಗಳನ್ನು ಕಲಸಿ ಹಂಚುತ್ತಾರೆ, ಮೊದಲು ಕ್ಷೇತ್ರಕ್ಕೆ, ಆಮೇಲೆ ಮತಗಟ್ಟೆಗೆ.

ನಿಜವಾಗಿ ಪ್ರಶ್ನೆ ಮಾಡಬೇಕಾದ ಜಾಗ ಬೇರೆ. ವಿವಿಪ್ಯಾಟ್‌ಗೆ ಅಭ್ಯರ್ಥಿಗಳ ಹೆಸರು, ಚಿಹ್ನೆ ತುಂಬಲೇಬೇಕು. ಅದಕ್ಕೆ ಸಿಂಬಲ್ ಲೋಡಿಂಗ್ ಯೂನಿಟ್ ಅಂತ ಒಂದು ಸಾಧನ ಇದೆ. ಹೊರಗಿನಿಂದ ಮಾಹಿತಿ ಒಳಗೆ ಹೋಗುವ ಬಾಗಿಲು ಅದು. ಸುಪ್ರೀಂ ಕೋರ್ಟು 2024ರ ಏಪ್ರಿಲ್ 26ರ ತೀರ್ಪಿನಲ್ಲಿ ನೂರಕ್ಕೆ ನೂರು ಚೀಟಿ ಎಣಿಕೆ ಬೇಡ ಎಂದರೂ, ಈ ಯೂನಿಟ್ಟನ್ನು ಫಲಿತಾಂಶದ ನಂತರ 45 ದಿನ ಸೀಲು ಮಾಡಿ ಇಡಬೇಕು ಎಂದಿತು. ಎರಡನೇ, ಮೂರನೇ ಸ್ಥಾನದವರು ಏಳು ದಿನದೊಳಗೆ ಬರೆದುಕೊಟ್ಟರೆ, ವಿಧಾನಸಭಾ ಕ್ಷೇತ್ರವಾರು ಶೇ 5ರಷ್ಟು ಮಷೀನುಗಳ ಚಿಪ್ಪು ಪರೀಕ್ಷೆ ಮಾಡಿಸಬಹುದು. ಖರ್ಚು ಕೇಳಿದವರದು, ಮೋಸ ಸಾಬೀತಾದರೆ ವಾಪಸ್. ರೀಲ್ಸ್‌ನಲ್ಲಿ "ಬ್ಲೂಟೂತಲ್ಲಿ ಹ್ಯಾಕ್" ಅಂತ ಕೂಗುವ ಹುಡುಗರಿಗೆ ಈ ಬಾಗಿಲಿನ ಹೆಸರೇ ಗೊತ್ತಿರಲ್ಲ.

ನೋಟಾ_ನಾಗವೇಣಿ

ಸುಬ್ಬು ಸರ್, "ಬ್ಯಾಟರಿ 99%" ಗಲಾಟೆಗೆ ಉತ್ತರ ಏನು? ಇಡೀ ದಿನ ಓಡಿದ ಮಷೀನು 99 ತೋರಿಸಿದರೆ ಯಾರಿಗಾದರೂ ಅನುಮಾನ ಬರಲ್ವಾ? ನಮ್ಮ ಫೋನು ಮಧ್ಯಾಹ್ನಕ್ಕೇ 40ಕ್ಕೆ ಇಳಿದಿರುತ್ತೆ.

ಸರ್ಕ್ಯೂಟ್_ಸುಬ್ಬು

ನೋಡಿ ಮೇಡಂ, ನೀವೂ ಫೋನಿಗೇ ಹೋಲಿಸಿದಿರಿ! ಸಿಯುನಲ್ಲಿರುವುದು ಚಾರ್ಜ್ ಮಾಡುವ ಬ್ಯಾಟರಿ ಅಲ್ಲ, ಬಿಸಾಡುವ ಆಲ್ಕಲೈನ್ ಪ್ಯಾಕು, 7.5 ವೋಲ್ಟ್. ಹೊಸದರಲ್ಲಿ ಅದಕ್ಕಿಂತ ತುಸು ಮೇಲಿರುತ್ತೆ. 7.4ಕ್ಕಿಂತ ಮೇಲಿರುವ ತನಕ ಪರದೆ 99 ಅಂತಲೇ ತೋರಿಸುತ್ತೆ, ಅದರ ಕೆಳಗೆ ಇಳಿದ ಮೇಲೆ ನಿಜವಾದ ಅಂಕಿ ಬರುತ್ತೆ. ಕಡಿಮೆ ಮತ ಬಿದ್ದ, ಅಣಕು ಮತದಾನದಲ್ಲಿ ಹೆಚ್ಚು ಓಡದ ಮಷೀನು ಎಣಿಕೆಯ ದಿನವೂ 99 ತೋರಿಸಬಹುದು. ವಿವಿಪ್ಯಾಟ್‌ನದು ಬೇರೆ ಪ್ಯಾಕು, 22.5 ವೋಲ್ಟ್, ಏಕೆಂದರೆ ಅದರಲ್ಲಿ ಪ್ರಿಂಟರೂ ಕತ್ತರಿಯೂ ಓಡಬೇಕು.

ಕೆಂಪುದೀಪ

ತಾಂತ್ರಿಕ ಚರ್ಚೆ ಸರಿ. ಮತಗಟ್ಟೆಯೊಳಗೆ ವಯಸ್ಸಿನ ವ್ಯತ್ಯಾಸ ಕಾಣುವುದು ಬೆರಳ ತುದಿಯಲ್ಲಿ.

ಹಿರಿಯರು ಮಾಡುವ ಮೊದಲ ತಪ್ಪು: ನೀಲಿ ಗುಂಡಿಯನ್ನು ಕಾಲಿಂಗ್ ಬೆಲ್ ಥರ ಮುಟ್ಟಿ ಬಿಡುವುದು. ಪಕ್ಕದ ಕೆಂಪು ದೀಪ ಹತ್ತುವ ತನಕ ಒತ್ತಬೇಕು. ಎರಡನೆಯದು: ಒತ್ತಿದ ಕೂಡಲೇ ತಿರುಗಿ ಹೊರಡುವುದು. ವಿವಿಪ್ಯಾಟ್ ಕಿಟಕಿಯಲ್ಲಿ ಚೀಟಿ ಕಾಣುವುದು 7 ಸೆಕೆಂಡು. ಕ್ರಮಸಂಖ್ಯೆ, ಹೆಸರು, ಚಿಹ್ನೆ ಮೂರೂ ಇರುತ್ತವೆ. ಆಮೇಲೆ ಕತ್ತರಿಸಿ ಪೆಟ್ಟಿಗೆಗೆ ಬೀಳುತ್ತೆ, ಉದ್ದ ಬೀಪ್ ಬರುತ್ತೆ. ಬೀಪ್ ಕೇಳಿದ ಮೇಲೆ ಹೊರಡಿ ಎಂದು ಹೇಳಿಕೊಟ್ಟರೆ ಸಾಕು, ಅರ್ಧ ತೊಂದರೆ ಮುಗಿಯಿತು. ಕಣ್ಣು ಮಂಜಾದವರು ಜೊತೆಗೆ 18 ದಾಟಿದ ಒಬ್ಬರನ್ನು ಕರೆದೊಯ್ಯಬಹುದು. ಆ ಜೊತೆಗಾರರು ಆ ದಿನ ಬೇರೆ ಯಾರಿಗೂ ಜೊತೆಯಾಗುವಂತಿಲ್ಲ, 14ಎ ಪಟ್ಟಿಯಲ್ಲಿ ದಾಖಲಾಗಬೇಕು. ಓಣಿಯ ಮುದುಕಿಯರನ್ನೆಲ್ಲ ಒಬ್ಬನೇ ಕರೆತಂದು ಒತ್ತಿಸುವ ಉಪಕಾರಿಗಳಿಗೆ ಈ ನಿಯಮ.

ಹುಡುಗರ ತಪ್ಪು ಬೇರೆ ಥರ. ಕಿಟಕಿಯ ಚೀಟಿಯ ಫೋಟೊ ಬೇಕು ಅವರಿಗೆ. ಮತಗಟ್ಟೆಯೊಳಗೆ ಫೋನು ನಿಷಿದ್ಧ, ಮತದ ಗೋಪ್ಯತೆ ಮುರಿದಂತೆ. 2025ರಿಂದ ಬಾಗಿಲಲ್ಲಿ ಫೋನು ಇಟ್ಟು ಹೋಗುವ ವ್ಯವಸ್ಥೆಗೆ ಕೇಂದ್ರ ಚುನಾವಣಾ ಆಯೋಗ ಒಪ್ಪಿದೆ. ಇನ್ನೊಂದು ತಪ್ಪು: "ನಾನು ಒತ್ತಿದ್ದೇ ಒಂದು, ಬಂದದ್ದೇ ಒಂದು" ಎಂದು ಅಲ್ಲೇ ವಿಡಿಯೊ ಭಾಷೆಯಲ್ಲಿ ಕೂಗಾಡುವುದು. ಅದಕ್ಕೂ ಕ್ರಮವಿದೆ, ನಿಯಮ 49ಎಂಎ. ಲಿಖಿತ ಹೇಳಿಕೆ ಕೊಡಬೇಕು, ಅಧಿಕಾರಿ ಮತ್ತು ಏಜೆಂಟರ ಎದುರು ಒಂದು ಪರೀಕ್ಷಾ ಮತ ಒತ್ತಬೇಕು. ದೂರು ನಿಜವಾದರೆ ಆ ಮಷೀನಿನಲ್ಲಿ ಮತದಾನ ಅಲ್ಲಿಗೇ ನಿಲ್ಲುತ್ತೆ. ಸುಳ್ಳಾದರೆ ಶಿಕ್ಷೆಗೆ ಅವಕಾಶವಿದೆ, ಆ ಪರೀಕ್ಷಾ ಮತವನ್ನು ಮತಗಟ್ಟೆಯ ಮತದ ಲೆಕ್ಕ ಬರೆಯುವ ಫಾರ್ಮ್ 17ಸಿಯಲ್ಲಿ ಕಳೆಯುತ್ತಾರೆ.

ಈಗ ಸಿಬ್ಬಂದಿಯ ತಪ್ಪು. ಅನುಮಾನಕ್ಕೆ ಮೇವು ಸಿಗುವುದು ಇಲ್ಲೇ. ಮತದಾನ ಶುರುವಾಗುವುದಕ್ಕೆ 90 ನಿಮಿಷ ಮುಂಚೆ ಏಜೆಂಟರ ಎದುರು ಅಣಕು ಮತದಾನ, ಕನಿಷ್ಠ 50 ಮತ. ಪ್ರತಿ ಅಭ್ಯರ್ಥಿಗೂ, ನೋಟಾಕ್ಕೂ ಬೀಳಲೇಬೇಕು. ಆಮೇಲೆ ಕ್ಲೋಸ್, ರಿಸಲ್ಟ್, ಕ್ಲಿಯರ್, ಇದೇ ಕ್ರಮದಲ್ಲಿ. ಕ್ಲೋಸ್ ಒತ್ತದೆ ರಿಸಲ್ಟ್ ಒತ್ತಿದರೆ ಪರದೆ "ಇನ್‌ವ್ಯಾಲಿಡ್" ಅನ್ನುತ್ತೆ, ಹೊಸಬರು ಮಷೀನೇ ಕೆಟ್ಟಿತು ಎಂದು ಗಾಬರಿಯಾಗುತ್ತಾರೆ. ಅಣಕು ಚೀಟಿಗಳನ್ನು ವಿವಿಪ್ಯಾಟ್‌ನಿಂದ ತೆಗೆದು, ಹಿಂಬದಿಗೆ ಮೊಹರು ಹಾಕಿ, ಕಪ್ಪು ಲಕೋಟೆಗೆ ಸೇರಿಸಿ, ಅದನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು ಗುಲಾಬಿ ಕಾಗದದ ಸೀಲು. ಕ್ಲಿಯರ್ ಮರೆತರೆ ಆ 50 ಮತ ಅಸಲಿ ಮತದ ಜೊತೆ ಕೂತಿರುತ್ತವೆ. ಎಣಿಕೆಯ ದಿನ 17ಸಿ ಲೆಕ್ಕಕ್ಕೂ ಮಷೀನಿಗೂ ತಾಳೆಯಾಗುವುದಿಲ್ಲ, ಸಂಜೆಗೆ "50 ಮತ ಎಲ್ಲಿಂದ ಬಂತು" ಎಂದು ಫಾರ್ವರ್ಡು ಹೊರಡುತ್ತೆ.

ಇನ್ನೊಂದು, ವಿವಿಪ್ಯಾಟ್ ಇಡುವ ಜಾಗ. ಕಿಟಕಿ ಪಕ್ಕ, ಟ್ಯೂಬ್‌ಲೈಟ್ ಕೆಳಗೆ ಇಡಬಾರದು. ನೇರ ಬೆಳಕು ಬಿದ್ದರೆ ಒಳಗಿನ ಸೆನ್ಸರ್ ದಾರಿ ತಪ್ಪಿ ಎರರ್ ಕೊಡುತ್ತೆ. ಹಿಂದಿನ ಪೇಪರ್ ರೋಲಿನ ಗುಬುಟು ಅಡ್ಡಡ್ಡ ಇದ್ದರೆ ಸಾಗಣೆಯ ಸ್ಥಿತಿ, ನೆಟ್ಟಗಿದ್ದರೆ ಕೆಲಸದ ಸ್ಥಿತಿ. ತಿರುಗಿಸುವುದನ್ನು ಮರೆತು ಬೆಳಿಗ್ಗೆ ಆರಕ್ಕೇ ಸೆಕ್ಟರ್ ಅಧಿಕಾರಿಗೆ ಫೋನು ಮಾಡುವ ಮತಗಟ್ಟೆಗಳು ಪ್ರತಿ ಚುನಾವಣೆಯಲ್ಲೂ ಇದ್ದೇ ಇರುತ್ತವೆ. ವಿವಿಪ್ಯಾಟ್ ಮಾತ್ರ ಕೆಟ್ಟರೆ ಅದೊಂದನ್ನೇ ಬದಲಿಸಬೇಕು. ಸಿಯು ಇಲ್ಲವೇ ಬಿಯು ಕೆಟ್ಟರೆ ಮೂರನ್ನೂ ಬದಲಿಸಿ, ಪ್ರತಿ ಅಭ್ಯರ್ಥಿಗೆ ಒಂದೊಂದು ಅಣಕು ಮತ ಹಾಕಿಸಿ ಮುಂದುವರಿಯಬೇಕು.

ಅಡಕೆ_ಚೀಲ

ಎಲ್ಲರೂ ಲೋಕಸಭೆ, ವಿಧಾನಸಭೆಯಲ್ಲೇ ನಿಂತಿದ್ದೀರಿ. ಗ್ರಾಮ ಪಂಚಾಯ್ತಿ ಚುನಾವಣೆ ಬಹುತೇಕ ಕಡೆ ಇವತ್ತಿಗೂ ಕಾಗದದಲ್ಲೇ. ಹಳ್ಳಿಯ ಇಪ್ಪತ್ತೆರಡರ ಹುಡುಗಿಗೆ ಮೊಹರೂ ಗೊತ್ತು, ಗುಂಡಿಯೂ ಗೊತ್ತು. ಬೆಂಗಳೂರಿನ ಐವತ್ತರ ಐಟಿ ಮ್ಯಾನೇಜರ್ ಮೊಹರು ಮರೆತು ಇಪ್ಪತ್ತು ವರ್ಷ ದಾಟಿದೆ. ಇಲ್ಲಿ ವಯಸ್ಸಿಗಿಂತ ಊರು ದೊಡ್ಡ ಗೆರೆ.

ನಗರದವರು ನಾಳೆ ಕಾಗದಕ್ಕೆ ಮರಳಿದರೆ ಕುಲಗೆಟ್ಟ ಮತ ಎಷ್ಟು ಬೀಳುತ್ತೋ! ಮಷೀನಿನಲ್ಲಿ ಕುಲಗೆಟ್ಟ ಮತ ಅನ್ನುವುದೇ ಇಲ್ಲವಲ್ಲ, ಆ ಶಬ್ದವೇ ಒಂದು ತಲೆಮಾರಿಗೆ ಗೊತ್ತಿಲ್ಲ. ಹಾಗಾಗಿ ಹೇಳ್ತೀನಿ. ಮೊಹರು ಒಬ್ಬರ ಅಂಕಣದೊಳಗೇ ಬೀಳಬೇಕು. ಇಬ್ಬರ ಅಂಕಣಕ್ಕೆ ಎರಡು ಮೊಹರು ಹಾಕಿದರೆ ತಿರಸ್ಕೃತ. ಖಾಲಿ ಜಾಗದಲ್ಲೋ ಹಿಂಬದಿಯಲ್ಲೋ ಒತ್ತಿದರೆ ತಿರಸ್ಕೃತ. ಕೊಟ್ಟ ಮೊಹರು ಬಿಟ್ಟು ಪೆನ್ನಲ್ಲಿ ಟಿಕ್ ಹಾಕಿದರೂ, ಹೆಸರು ಬರೆದರೂ, ಸಹಿ ಮಾಡಿದರೂ ತಿರಸ್ಕೃತ. ಆದರೆ ಒಬ್ಬರ ಅಂಕಣದಲ್ಲೇ ಎರಡು ಸಲ ಒತ್ತಿದರೆ ಮತ ಸರಿ. ಮಡಿಸಿದಾಗ ಶಾಯಿ ಇನ್ನೊಂದು ಕಡೆಗೆ ಅಂಟಿದರೂ ಸರಿ, ಬಾಣದ ಗುರುತು ತಿರುವುಮುರುವು ಆಗಿರುವುದರಿಂದ ಯಾವುದು ಅಸಲು ಎಂದು ತಿಳಿಯುತ್ತೆ. ಆ ತಂಟೆಯೇ ಬೇಡವೆಂದರೆ ಹಾಳೆಯನ್ನು ಮೊದಲು ಉದ್ದುದ್ದ ಮಡಿಸಿ, ಆಮೇಲೆ ಅಡ್ಡ. ಮೊದಲೇ ಅಡ್ಡ ಮಡಿಸಿದರೆ ಮೇಲಿನವರ ಶಾಯಿ ಕೆಳಗಿನವರ ಅಂಕಣಕ್ಕೆ ಅಂಟುತ್ತೆ.

ಬಿಎಲ್‌ಒ_ಟಿಪ್ಪಣಿ

ಕ್ಷಮಿಸಿ, ಮಷೀನು-ಕಾಗದ ಎಂದು ನೀವು ಜಗಳ ಆಡುತ್ತಿರುವಾಗ ಮತ ಹೋಗುವುದು ಮತದಾರರ ಪಟ್ಟಿಯಲ್ಲಿ. ಅಲ್ಲಿ ತಲೆಮಾರಿನ ವ್ಯತ್ಯಾಸ ಇನ್ನೂ ಗಟ್ಟಿ.

ಹಿರಿಯರ ಪದ್ಧತಿ: ಕರಡು ಪಟ್ಟಿ ಬಂದಾಗ ಅಂಗನವಾಡಿಗೋ ಪಂಚಾಯ್ತಿಗೋ ಹೋಗಿ ಬೆರಳಿಟ್ಟು ಹೆಸರು ನೋಡುವುದು. ಕಿರಿಯರ ಪದ್ಧತಿ: ಒಮ್ಮೆ ಆನ್‌ಲೈನ್ ಅರ್ಜಿ ಹಾಕಿ ಮರೆಯುವುದು. ಎಪಿಕ್ ಕಾರ್ಡು (ಮತದಾರರ ಗುರುತಿನ ಚೀಟಿ) ಕೈಲಿದ್ದರೆ ಹೆಸರು ಪಟ್ಟಿಯಲ್ಲಿದೆ ಎಂದುಕೊಳ್ಳುವುದು ಕಿರಿಯರ ದೊಡ್ಡ ತಪ್ಪು. ಕಾರ್ಡು ಗುರುತಿನ ಚೀಟಿ ಅಷ್ಟೇ, ಹಕ್ಕು ಇರುವುದು ಪಟ್ಟಿಯಲ್ಲಿ.

ಹೊಸ ಹೆಸರಿಗೆ ಫಾರ್ಮ್ 6. 2022ರಿಂದ ಜನವರಿ 1, ಏಪ್ರಿಲ್ 1, ಜುಲೈ 1, ಅಕ್ಟೋಬರ್ 1 ಹೀಗೆ ನಾಲ್ಕು ಅರ್ಹತಾ ದಿನ. 17 ದಾಟಿದವರು ಮುಂಗಡವಾಗಿಯೇ ಹಾಕಬಹುದು. ಮನೆ ಬದಲಾದರೆ, ಹೆಸರಲ್ಲಿ ಅಕ್ಷರ ತಪ್ಪಿದರೆ, ಕಾರ್ಡು ಕಳೆದರೆ ಫಾರ್ಮ್ 8. ಇಲ್ಲೇ ಹುಡುಗರು ಎಡವುತ್ತಾರೆ. ಹಾಸನದಿಂದ ಬೆಂಗಳೂರಿಗೆ ಬಂದವರು ಫಾರ್ಮ್ 8ರ ಬದಲು ಇನ್ನೊಮ್ಮೆ ಫಾರ್ಮ್ 6 ಹಾಕುತ್ತಾರೆ. ಎರಡು ಕಡೆ ಹೆಸರು. ಅದು ಅಪರಾಧ, ಮೇಲಿಂದ ತಪಾಸಣೆಯಲ್ಲಿ ಯಾವ ಹೆಸರು ಹೋಗುತ್ತೆ ಎಂಬ ಹಿಡಿತವೂ ಕೈ ತಪ್ಪುತ್ತೆ.

ಫಾರ್ಮ್ 7 ಹೆಸರು ತೆಗೆಸಲು, ಇಲ್ಲವೇ ಆಕ್ಷೇಪಣೆಗೆ. ಆಳಂದ ಕ್ಷೇತ್ರದಲ್ಲಿ 2023ರ ಚುನಾವಣೆಗೆ ಮುನ್ನ ಹೆಸರು ತೆಗೆಯಿರಿ ಎಂದು ಆನ್‌ಲೈನ್‌ನಲ್ಲಿ 6,018 ಅರ್ಜಿ ಬಂದಿದ್ದವು. ಪರಿಶೀಲಿಸಿದಾಗ 24 ಮಾತ್ರ ಸರಿ ಎಂದು ಆಯೋಗವೇ ಹೇಳಿದೆ. ಉಳಿದವು ತಿರಸ್ಕೃತವಾದದ್ದು ಮನೆ ಬಾಗಿಲಿಗೆ ಹೋಗಿ ನೋಡುವ ಹಳೇ ಪದ್ಧತಿ ಉಳಿದಿದ್ದರಿಂದ. ಆಮೇಲೆ 2025ರಲ್ಲಿ ಆನ್‌ಲೈನ್ ಅರ್ಜಿಗೆ ಆಧಾರ್ ಜೋಡಿತ ಫೋನಿನ ಒಟಿಪಿ ಮೂಲಕ ಇ-ಸಹಿ ಸೇರಿಸಿದರು. ಅಂದರೆ ಮೋಸ ಹೊಕ್ಕದ್ದೂ ತಂತ್ರಜ್ಞಾನದ ಬಾಗಿಲಿಂದ, ಚಿಲಕ ಹಾಕಿದ್ದೂ ತಂತ್ರಜ್ಞಾನದಿಂದ, ನಡುವೆ ಹಿಡಿದದ್ದು ಮನುಷ್ಯ.

ತುಂಗಾತೀರ

ಈ ಕೊನೇ ಸಾಲು ಚೆನ್ನಾಗಿದೆ, ಆದರೆ ಆ ಮನುಷ್ಯ ಯಾರು? ಬಿಎಲ್‌ಒ, ಅಂದರೆ ಮತಗಟ್ಟೆ ಮಟ್ಟದ ಅಧಿಕಾರಿ: ಮಧ್ಯವಯಸ್ಸಿನ ಶಾಲಾ ಶಿಕ್ಷಕಿ ಇಲ್ಲವೇ ಅಂಗನವಾಡಿ ಕಾರ್ಯಕರ್ತೆ. ಕಾಗದದ ವಹಿಯೂ ಅವರದೇ, ಆ್ಯಪೂ ಅವರ ಸ್ವಂತ ಫೋನಿನಲ್ಲೇ. ತಲೆಮಾರುಗಳ ನಡುವಿನ ಸೇತುವೆ ಅಂತೆಲ್ಲ ಹೊಗಳುತ್ತೇವೆ, ಡೇಟಾ ಪ್ಯಾಕ್ ಖರ್ಚು ಕೇಳಿದರೆ ಮಾತಿಲ್ಲ.

ಹಳೇಪೆಟ್ಟಿಗೆ

ಬಿಎಲ್‌ಒ ಅವರೇ, ಹಾಗೇ ಮನೆಯಿಂದ ಮತದಾನದ ಬಗ್ಗೆಯೂ ಬರೆಯಿರಿ. ಅದೊಂದು ವಿಚಿತ್ರ. ಅತಿ ಹಿರಿಯರಿಗೆ ಹೊಸ ಸೌಲಭ್ಯ ಅಂತ ಕೊಟ್ಟದ್ದು ಏನು? ಕಾಗದ!

ಬಿಎಲ್‌ಒ_ಟಿಪ್ಪಣಿ

ಹೌದು. 2023ರ ನಮ್ಮ ವಿಧಾನಸಭಾ ಚುನಾವಣೆಯಲ್ಲಿ 80 ದಾಟಿದವರಿಗೆ ಕೊಟ್ಟರು. ಆಗ ಆಯೋಗ ಹೇಳಿದ ಲೆಕ್ಕದಲ್ಲಿ 80 ದಾಟಿದವರು 12.15 ಲಕ್ಷ, ಮೊದಲ ಸಲದ ಮತದಾರರು 9.17 ಲಕ್ಷ. ಯುವ ಮತ ಯುವ ಮತ ಎಂದು ಹೊಡೆದುಕೊಳ್ಳುವವರು ಈ ಎರಡು ಅಂಕಿ ಗೋಡೆಗೆ ಅಂಟಿಸಿಕೊಳ್ಳಬೇಕು. 2024ರ ಲೋಕಸಭೆ ಹೊತ್ತಿಗೆ ಮಿತಿಯನ್ನು 85ಕ್ಕೆ ಏರಿಸಿದರು.

ಕ್ರಮ ಹೀಗೆ. ಅಧಿಸೂಚನೆ ಹೊರಟ ಐದು ದಿನದೊಳಗೆ ಫಾರ್ಮ್ 12ಡಿ ಕೊಡಬೇಕು. ಬಿಎಲ್‌ಒ ಮನೆಗೇ ಬಂದು ಕೊಟ್ಟು ಪಡೆಯುತ್ತಾರೆ. ಆಮೇಲೆ ಇಬ್ಬರು ಮತಗಟ್ಟೆ ಅಧಿಕಾರಿ, ವಿಡಿಯೊದವರು, ಪೊಲೀಸರು ಹೇಳಿದ ದಿನ ಬರುತ್ತಾರೆ. ಮತ ಹಾಕುವ ಕ್ಷಣ ಮಾತ್ರ ವಿಡಿಯೊದಲ್ಲಿ ಇರಬಾರದು. ಮೊದಲ ಸಲ ಮನೆಯಲ್ಲಿ ಇರದಿದ್ದರೆ ಇನ್ನೊಂದೇ ಸಲ ಬರುತ್ತಾರೆ.

ತಪ್ಪಾಗುವುದು ಲಕೋಟೆಯಲ್ಲಿ. ಗುರುತು ಹಾಕಿದ ಮತಪತ್ರ ಮಾತ್ರ ಸಣ್ಣ ಲಕೋಟೆಗೆ, ಅದು 13ಬಿ. ಘೋಷಣಾ ಪತ್ರ 13ಎ ಹೊರಗೇ ಇರಬೇಕು. ಮುಚ್ಚಿದ 13ಬಿ ಮತ್ತು 13ಎ ಎರಡನ್ನೂ ಸೇರಿಸಿ ದೊಡ್ಡ ಲಕೋಟೆ 13ಸಿಗೆ. ಎಣಿಸುವಾಗ ಮೊದಲು ನೋಡುವುದು 13ಎ. ಅದು ದೊಡ್ಡ ಲಕೋಟೆಯಲ್ಲಿ ಸಿಗದಿದ್ದರೆ, ಇಲ್ಲವೇ ಸಹಿ ಇಲ್ಲದಿದ್ದರೆ, ಒಳಗಿನ ಲಕೋಟೆ ಒಡೆಯುವುದೇ ಇಲ್ಲ, ತಿರಸ್ಕೃತ. ಘೋಷಣೆಯನ್ನೂ ಮತಪತ್ರವನ್ನೂ ಒಟ್ಟಿಗೆ ಸಣ್ಣ ಲಕೋಟೆಗೆ ತುರುಕುವುದು ಮಾಮೂಲು ತಪ್ಪು.

ದುಬೈ_ದಾವಣಗೆರೆ

ಹಾಗಾದರೆ ವಿದೇಶದಲ್ಲಿರುವ ನಮ್ಮ ಗತಿ? ಫಾರ್ಮ್ 6ಎ ತುಂಬಿ ಹೆಸರು ಸೇರಿಸಬಹುದು, ಮತ ಹಾಕಲು ಮಾತ್ರ ವಿಮಾನ ಹತ್ತಿ ಊರಿಗೇ ಬರಬೇಕು. ಬ್ಯಾಂಕು ಫೋನಲ್ಲಿ, ಭೂಮಿ ಪಹಣಿ ಫೋನಲ್ಲಿ, ಮತ ಮಾತ್ರ ಬೆರಳಿಗೆ ಶಾಯಿ ಹಚ್ಚಿಕೊಂಡು. ಎಸ್ಟೋನಿಯಾದಲ್ಲಿ 2005ರಿಂದ ಇಂಟರ್ನೆಟ್ ಮತ, 2023ರ ಸಂಸತ್ ಚುನಾವಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಮತ ಬಿದ್ದದ್ದು ಆನ್‌ಲೈನ್‌ನಲ್ಲೇ. ನಮ್ಮಲ್ಲಿ ಹಳೇ ತಲೆಗಳು ಬಿಡ್ತಿಲ್ಲ ಅಷ್ಟೇ.

ಸರ್ಕ್ಯೂಟ್_ಸುಬ್ಬು

ಹಳೇ ತಲೆ ಅಲ್ಲಣ್ಣ. ಬ್ಯಾಂಕಿನಲ್ಲಿ ತಪ್ಪಾದರೆ ಪಾಸ್‌ಬುಕ್ಕಿನಲ್ಲಿ ಕಾಣುತ್ತೆ, ನೀವು ದೂರು ಕೊಡ್ತೀರಿ, ವಾಪಸ್ ಬರುತ್ತೆ. ಮತದಲ್ಲಿ ಯಾರು ಯಾರಿಗೆ ಹಾಕಿದರು ಅನ್ನುವುದು ಯಾರಿಗೂ ಗೊತ್ತಿರಬಾರದು, ಒಟ್ಟು ಮಾತ್ರ ಸರಿಯಿರಬೇಕು. ಪಾಸ್‌ಬುಕ್ ಇಲ್ಲದ ಬ್ಯಾಂಕು ನಡೆಸಿದ ಹಾಗೆ. ಮೇಲಿಂದ, ಮನೆಯಲ್ಲಿ ಫೋನಿನ ಮೇಲೆ ಮತ ಅಂದರೆ ಪಕ್ಕದಲ್ಲಿ ಕೂತವನು ನೋಡ್ತಾನೆ. ಎಸ್ಟೋನಿಯಾದಲ್ಲಿ ಅದಕ್ಕೇ ಎಷ್ಟು ಸಲ ಬೇಕಾದರೂ ಮತ ಬದಲಿಸಬಹುದು, ಕೊನೆಯದೇ ಲೆಕ್ಕ, ಮತಗಟ್ಟೆಗೆ ಹೋಗಿ ಕಾಗದದಲ್ಲಿ ಹಾಕಿದರೆ ಅದೇ ಅಂತಿಮ. ಜನಸಂಖ್ಯೆ ಹದಿಮೂರು ಲಕ್ಷದ ಆಚೀಚೆ.

ಇದಕ್ಕೆ ಎದುರು ಉದಾಹರಣೆ ಜರ್ಮನಿ. ಅಲ್ಲಿನ ಸಾಂವಿಧಾನಿಕ ನ್ಯಾಯಾಲಯ 2009ರ ಮಾರ್ಚ್ 3ರಂದು ಆಗ ಬಳಸುತ್ತಿದ್ದ ಮತಯಂತ್ರಗಳನ್ನು ಅಸಾಂವಿಧಾನಿಕ ಎಂದಿತು. ಮೋಸ ಸಾಬೀತಾಯಿತು ಎಂದಲ್ಲ. ವಿಶೇಷ ತಜ್ಞತೆ ಇಲ್ಲದ ಸಾಮಾನ್ಯ ಪ್ರಜೆಯೂ ಎಣಿಕೆಯನ್ನು ತಾನೇ ಪರಿಶೀಲಿಸುವಂತಿರಬೇಕು ಎಂಬ ಕಾರಣಕ್ಕೆ. ಅಜ್ಜನ ಪ್ರಶ್ನೆ ಅದೇ ಅಲ್ಲವಾ? "ನನಗೆ ಕಾಣಬೇಕು."

ನಮ್ಮಲ್ಲೂ ಒಂದು ಪ್ರಯತ್ನ ಆಯಿತು. ವಲಸೆ ಹೋದವರಿಗೆ ದೂರದ ಊರಿಂದಲೇ ಮತ ಹಾಕಲು, ಒಂದೇ ಯಂತ್ರದಲ್ಲಿ 72 ಕ್ಷೇತ್ರ ತೋರಿಸುವ ಮಾದರಿಯನ್ನು ಆಯೋಗ 2022ರ ಡಿಸೆಂಬರಿನಲ್ಲಿ ಪ್ರಕಟಿಸಿತು. ಪಕ್ಷಗಳು ಒಪ್ಪದೆ ಅಲ್ಲಿಗೇ ನಿಂತಿತು. ಅದೂ ದೇಶದೊಳಗಿನವರಿಗೆ ಮಾತ್ರ, ದುಬೈಗಲ್ಲ.

ನೋಟಾ_ನಾಗವೇಣಿ

"ಕಾಣಬೇಕು" ಅಂದರೆ ವಿವಿಪ್ಯಾಟ್ ಚೀಟಿ ಎಲ್ಲವನ್ನೂ ಎಣಿಸಿಬಿಡಲಿ. ಈಗ ವಿಧಾನಸಭಾ ಕ್ಷೇತ್ರಕ್ಕೆ ಐದೇ ಮತಗಟ್ಟೆಯದು ಎಣಿಸ್ತಾರೆ. ಅಜ್ಜನೂ ಖುಷಿ, ಮೊಮ್ಮಗಳೂ ಖುಷಿ.

ಕೆಂಪುದೀಪ

ಮೇಡಂ, ಆ ಚೀಟಿ ಕೈಲಿ ಹಿಡಿದರೆ ಗೊತ್ತಾಗುತ್ತೆ. ಉದ್ದ 9.9, ಅಗಲ 5.6 ಸೆಂಟಿಮೀಟರ್. ಬಸ್ಸಿನ ಟಿಕೆಟ್ ಥರದ ಥರ್ಮಲ್ ಕಾಗದ, ಸುರುಳಿ ಸುತ್ತಿಕೊಂಡು ಒಂದಕ್ಕೊಂದು ಅಂಟುತ್ತೆ. ಎಣಿಸಲಿಕ್ಕೆ ಎಂದು ಮಾಡಿದ ಕಾಗದವೇ ಅಲ್ಲ ಅದು. ಒಂದು ರೋಲಿನಲ್ಲಿ 1,500 ಚೀಟಿ, ಅದರಲ್ಲಿ ನೂರರಷ್ಟು ಪರೀಕ್ಷೆಗೇ ಹೋಗುತ್ತೆ. ಒಂದು ಮತಗಟ್ಟೆಯ ಚೀಟಿಗಳನ್ನು ಪಾರಿವಾಳದ ಗೂಡಿನಂಥ ಖಾನೆಗಳಿಗೆ ವಿಂಗಡಿಸಿ, 25ರ ಕಟ್ಟು ಮಾಡಿ, ತಾಳೆ ನೋಡುವಷ್ಟರಲ್ಲಿ ಒಂದು ಗಂಟೆ ಹೋಗುತ್ತೆ. ಇನ್ನೂರೈವತ್ತು ಮತಗಟ್ಟೆ ಇರುವ ಕ್ಷೇತ್ರಕ್ಕೆ ನೀವೇ ಗುಣಿಸಿ. ಅಸಾಧ್ಯ ಅನ್ನುತ್ತಿಲ್ಲ, ದಪ್ಪ ಕಾಗದ, ದೊಡ್ಡ ಅಕ್ಷರ, ಬಾರ್‌ಕೋಡ್ ಕೊಟ್ಟರೆ ಬೇರೆ ಮಾತು.

ತುಂಗಾತೀರ

ಇನ್ನೊಂದು ವಿಷಯ ಯಾರೂ ಎತ್ತಿಲ್ಲ, ರಾಜಕೀಯವಾಗಿ ನನ್ನ ಪ್ರಕಾರ ಇದೇ ಮುಖ್ಯ. ಕಾಗದದ ಕಾಲದಲ್ಲಿ ಎಷ್ಟೋ ಕಡೆ ಎಲ್ಲ ಮತಗಟ್ಟೆಯ ಮತಪತ್ರಗಳನ್ನು ಡ್ರಮ್ಮಿನಲ್ಲಿ ಕಲಸಿ ಎಣಿಸುತ್ತಿದ್ದರು. ಯಾವ ಕೇರಿ ಯಾರಿಗೆ ಹಾಕಿತು ಎಂಬುದು ಗೊತ್ತಾಗದಿರಲಿ ಎಂದು. ಮಷೀನಿನಲ್ಲಿ ಮತಗಟ್ಟೆವಾರು ಅಂಕಿ ತಾನಾಗಿ ಸಿಗುತ್ತೆ, ಫಾರ್ಮ್ 20ರಲ್ಲಿ ಎಲ್ಲರಿಗೂ ಕಾಣುತ್ತೆ. ಸಾವಿರ ಚಿಲ್ಲರೆ ಮತದಾರರ ಮತಗಟ್ಟೆ ಅಂದರೆ ಒಂದು ಹಟ್ಟಿ, ಒಂದು ಕೇರಿ. "ನಿಮ್ಮ ಬೀದಿ ನಮಗೆ ಹಾಕಿಲ್ಲ, ಚರಂಡಿ ಯಾಕೆ?" ಅನ್ನಲಿಕ್ಕೆ ಅಷ್ಟು ಸಾಕು.

ಹಳ್ಳಿಯ ಹಿರಿಯರು ಮಷೀನಿನ ಬಗ್ಗೆ ಗೊಣಗಿದರೆ "ಟೆಕ್ನಾಲಜಿ ಗೊತ್ತಿಲ್ಲ" ಎಂದು ನಗುತ್ತೇವೆ. ಅವರ ಗೊಣಗಾಟ ಹಲವು ಸಲ ಇದರ ಬಗ್ಗೆ: ನಮ್ಮ ಮತ ಯಾರಿಗೆ ಅಂತ ಗೌಡರಿಗೆ ಗೊತ್ತಾಗುತ್ತೆ. ಅದು ಹ್ಯಾಕಿಂಗ್ ಭಯಕ್ಕಿಂತ ಎಷ್ಟೋ ವಾಸ್ತವ. ಇದಕ್ಕೆ ಪರಿಹಾರವೂ ತಂತ್ರಜ್ಞಾನದಲ್ಲೇ ಇದೆ. ಹತ್ತಾರು ಸಿಯು ಒಟ್ಟಿಗೆ ಜೋಡಿಸಿ ಒಟ್ಟು ಮೊತ್ತ ಮಾತ್ರ ಕೊಡುವ ಟೋಟಲೈಸರ್. ಆಯೋಗ 2008ರಲ್ಲೇ ಕೇಳಿತ್ತು, ಕಾನೂನು ಆಯೋಗ 2015ರ 255ನೇ ವರದಿಯಲ್ಲಿ ಬೆಂಬಲಿಸಿತು. ಜಾರಿಗೆ ಬರಲಿಲ್ಲ. ಬೂತ್ ಲೆಕ್ಕ ಕೈಯಲ್ಲಿರುವುದು ಯಾವ ಪಕ್ಷಕ್ಕೆ ಬೇಡ ಹೇಳಿ.

ದುಬೈ_ದಾವಣಗೆರೆ

ಇದು ನಿಜಕ್ಕೂ ಯೋಚಿಸಿರಲಿಲ್ಲ. ಆದರೆ ಬೂತ್‌ವಾರು ಅಂಕಿ ಇಲ್ಲದಿದ್ದರೆ 17ಸಿ ಜೊತೆ ತಾಳೆ ನೋಡಿ ಮೋಸ ಹಿಡಿಯುವುದು ಹೇಗೆ?

ತುಂಗಾತೀರ

17ಸಿಯ ಮೊದಲ ಭಾಗದಲ್ಲಿರುವುದು ಬಿದ್ದ ಒಟ್ಟು ಮತ, ಯಾರಿಗೆಷ್ಟು ಅಲ್ಲ. ಬೂತಿನ ಒಟ್ಟು ಸಿಯುವಿನ ಟೋಟಲ್ ಗುಂಡಿಯಲ್ಲಿ ಸಿಗುತ್ತೆ, ಅಲ್ಲಿ ತಾಳೆ ನೋಡಬಹುದು. ಅಭ್ಯರ್ಥಿವಾರು ಮಾತ್ರ ಗುಂಪಿನಲ್ಲಿ. ಪಾರದರ್ಶಕತೆ ಕೇಳುವವರು ಹೆಚ್ಚಾಗಿ ಕಿರಿಯರು, ಮರೆ ಕೇಳುವವರು ಹೆಚ್ಚಾಗಿ ಊರಲ್ಲೇ ಬದುಕಬೇಕಾದ ಹಿರಿಯರು. ಎರಡೂ ನ್ಯಾಯವೇ.

ಅಡಕೆ_ಚೀಲ

ಬೂತ್ ಲೂಟಿಯ ಲೆಕ್ಕ ಒಂದು ಬಾಕಿ ಇತ್ತು. ಮಷೀನು ನಿಮಿಷಕ್ಕೆ ನಾಲ್ಕು ಮತಕ್ಕಿಂತ ಹೆಚ್ಚು ತಗೊಳಲ್ಲ, ಗಂಟೆಗೆ 240. ಪ್ರತಿ ಮತಕ್ಕೂ ಅಧಿಕಾರಿ ಸಿಯುನಲ್ಲಿ ಬ್ಯಾಲಟ್ ಗುಂಡಿ ಒತ್ತಬೇಕು, ಗೂಂಡಾಗಳು ನುಗ್ಗಿದರೆ ಕ್ಲೋಸ್ ಒತ್ತಿದರೆ ಮುಗೀತು. ಕಾಗದದ ಕಟ್ಟು ಕಿತ್ತುಕೊಂಡು ನಾಲ್ಕು ಜನ ಕೂತು ಒತ್ತಿದರೆ ಅರ್ಧ ಗಂಟೆಗೆ ಎಷ್ಟಾಗುತ್ತೆ ಅನ್ನುವುದು ಐವತ್ತೈದು ದಾಟಿದವರಿಗೆ ಹೇಳಿಕೊಡಬೇಕಿಲ್ಲ. ಅದಕ್ಕೇ ಅವರಲ್ಲಿ ಎಷ್ಟೋ ಮಂದಿ ಮಷೀನಿನ ಪಕ್ಷ.

ಅಂದಹಾಗೆ ಮೂರೂ ತಲೆಮಾರು ಅನುಮಾನವಿಲ್ಲದೆ ಒಪ್ಪಿದ ತಂತ್ರಜ್ಞಾನ ಒಂದಿದೆ: ಮೈಸೂರು ಪೇಂಟ್ಸ್‌ನ ಶಾಯಿ. 1962ರಿಂದ ಅದೇ. ಸಿಲ್ವರ್ ನೈಟ್ರೇಟ್, ಚರ್ಮದ ಉಪ್ಪು ಮತ್ತು ಬೆಳಕು ತಾಗಿದ ಮೇಲೆ ಕಪ್ಪಾಗುತ್ತೆ. ಒಣಗುವ ಮುಂಚೆ ಒರೆಸಿದರೆ ಹೋಗುತ್ತೆ, ಅದಕ್ಕೇ ಶಾಯಿ ಹಚ್ಚಿದ ಮೇಲೆ ಗುಂಡಿ ಒತ್ತುವ ತನಕ ತುಸು ಹೊತ್ತು ಕಳೆಯುವ ಹಾಗೆ ಮೇಜುಗಳ ಸಾಲು.

ನೋಟಾ_ನಾಗವೇಣಿ

ಬಿಎಲ್‌ಒ ಅವರೇ, ಕೊನೇ ಪ್ರಶ್ನೆ. 12ಡಿ ಕೊಟ್ಟಾದ ಮೇಲೆ ಮನೆಯ ಹಿರಿಯರು ಮನಸ್ಸು ಬದಲಿಸಿ "ನಾನು ಮತಗಟ್ಟೆಗೇ ಹೋಗಿ ಮಷೀನಲ್ಲೇ ಒತ್ತೋದು" ಎಂದು ಹಟ ಹಿಡಿದರೆ?

ಬಿಎಲ್‌ಒ_ಟಿಪ್ಪಣಿ

ಆಗಲ್ಲ. ಅರ್ಜಿ ಒಪ್ಪಿದ ಕೂಡಲೇ ಮತಗಟ್ಟೆಯ ಪಟ್ಟಿಯಲ್ಲಿ ಅವರ ಹೆಸರಿನ ಮುಂದೆ "ಪಿಬಿ" (ಪೋಸ್ಟಲ್ ಬ್ಯಾಲಟ್, ಅಂಚೆ ಮತ) ಎಂದು ಬೀಳುತ್ತೆ. ಮನೆಯಲ್ಲಿ ಹಾಕಿರಲಿ ಬಿಡಲಿ, ಮತಗಟ್ಟೆಯಲ್ಲಿ ಒಳಗೆ ಬಿಡುವುದಿಲ್ಲ. ಅದಕ್ಕೇ 12ಡಿ ತುಂಬುವ ಮುಂಚೆ ಮಕ್ಕಳನ್ನಲ್ಲ, ಅವರನ್ನೇ ಕೇಳಿ. ಮೆಟ್ಟಿಲು ಹತ್ತಲು ಆಗುತ್ತೆ, ಹೋಗಬೇಕು ಅನ್ನುವವರಿಗೆ ಮತಗಟ್ಟೆಯಲ್ಲಿ ಇಳಿಜಾರು ದಾರಿ, ಗಾಲಿಕುರ್ಚಿ ಇರಬೇಕು ಎಂಬ ನಿಯಮವಿದೆ. ಬೆಳಿಗ್ಗೆ ಏಳಕ್ಕೇ ಕರೆದುಕೊಂಡು ಹೋಗಿ, ಸಾಲಿನಲ್ಲಿ ನಿಲ್ಲಿಸದೆ ಮುಂದೆ ಬಿಡ್ತಾರೆ. ಕನ್ನಡಕ ಮರೆಯಬೇಡಿ, ಚೀಟಿ ಕಾಣುವುದು ಏಳೇ ಸೆಕೆಂಡು.